ರಿಜೆಕ್ಟ್ ಡೇರೆ

ಮಳೆಗಾಲದ ಬೆಳಗ್ಗೆ ಆರು ಗಂಟೆಗೆ ಭದ್ರಾವತಿ ನ್ಯೂಟೌನಿನಲ್ಲಿ, ಲುಂಗಿ ಎತ್ತಿಕಟ್ಟಿ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಭೂತಗನ್ನಡಿ ಹಿಡಿದು ಕುಕ್ಕರಗಾಲಲ್ಲಿ ಕೂತವರೊಬ್ಬರು ಕಂಡರೆ, ಪಾಪ ಏನೋ ಕಳೆದುಕೊಂಡಿದ್ದಾರೆ ಎಂದು ಹುಡುಕಿಕೊಡಲು ಹೋಗಬೇಡಿ. ಅವರು ನಮ್ಮ ಡೇರೆ ರಾಯರು. ಕೊಡೆಯೂ ಅವರ ತಲೆಗಲ್ಲ, ಹೂವಿಗೆ.

ಮಲೆನಾಡಿಗೆ ಡೇರೆ ಹೂವಿನ, ಅಂದರೆ ಡೇಲಿಯಾದ, ಹುಚ್ಚು ಹೊಸದಲ್ಲ. ಮುಂಗಾರು ಹತ್ತಿರ ಬಂತೆಂದರೆ ಮುಚ್ಚಿಟ್ಟ ಗೆಡ್ಡೆಗಳೆಲ್ಲ ಹೊರಬರುತ್ತವೆ. ಸತ್ಯನಾರಾಯಣ ಕಥೆಗೆ ಹೋದವರ ಕಣ್ಣೂ ಪ್ರಸಾದಕ್ಕಿಂತ ಮೊದಲು ಅಂಗಳ ಸುತ್ತಿ ಬರುತ್ತದೆ. ‘ಒಂದು ಹಿಳ್ಳು ಕೊಡೇ ಮಾರಾಯ್ತಿ’ ಎಂದರೆ ಕೊಡುತ್ತಾರೆ. ಕೊಡದಿದ್ದರೆ, ಕದ್ದು ತಂದ ಗಿಡವೇ ಚೆನ್ನಾಗಿ ಬರುತ್ತದೆ ಎಂಬ ಶಾಸ್ತ್ರ ಹೇಗೂ ಇದೆ. ಗೆಡ್ಡೆಯಿಂದ, ಹಿಳ್ಳಿನಿಂದ ಬಂದದ್ದು ತಾಯಿಗಿಡದ ಪಡಿಯಚ್ಚು. ರಾಯರಿಗೆ ಅಸಡ್ಡೆ ಇರುವುದೇ ಅದರ ಮೇಲೆ. ‘ಅದು ಜೆರಾಕ್ಸ್ ಕಣ್ರೀ. ನಂದು ಬೀಜದ ಡೇರೆ.’

ಬೀಜದ ಡೇರೆ ಎಂದರೆ ಅಪ್ಪನನ್ನೂ ಹೋಲದ, ಅಮ್ಮನನ್ನೂ ಹೋಲದ ಸಂತಾನ. ಮೆಕ್ಸಿಕೋ ಮೂಲದ ಈ ಗಿಡಕ್ಕೆ ಒಂದು ಜೀವಕೋಶದಲ್ಲಿ 64 ವರ್ಣತಂತುಗಳು. ನಮ್ಮಲ್ಲಿ ಪ್ರತಿಯೊಂದು ವರ್ಣತಂತುವಿಗೂ ಎರಡು ಪ್ರತಿ ಇದ್ದರೆ ಡೇರೆಗೆ ಎಂಟೆಂಟು. ಎಂಟು ಜನ ಕೂತು ಇಸ್ಪೀಟು ಕಲಸಿದ ಹಾಗೆ. ಒಂದೇ ಹೂವಿನ ಹತ್ತು ಬೀಜ ಬಿತ್ತಿದರೆ ಹತ್ತು ಬಗೆ.

ಇದರಲ್ಲೊಂದು ತಮಾಷೆ ಇದೆ. 1923ರಲ್ಲಿ ಉತ್ಪಾದನೆ ಶುರುಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ರಾಯರು ನಿವೃತ್ತಿಯವರೆಗೂ ತಪಾಸಣೆ ವಿಭಾಗದಲ್ಲಿದ್ದವರು. ಒಂದು ಸರಳು ಇನ್ನೊಂದಕ್ಕಿಂತ ಕೂದಲೆಳೆ ದಪ್ಪವಿದ್ದರೂ ‘ರಿಜೆಕ್ಟ್’ ಎಂದು ಸುಣ್ಣದ ಗೀಟು ಎಳೆದವರು. ಈಗ ಲೆಕ್ಕ ತಿರುವುಮುರುವು: ಎಲ್ಲದರ ಹಾಗೆ ಇದ್ದರೆ ರಿಜೆಕ್ಟ್, ಕೂದಲೆಳೆ ಬೇರೆ ಇದ್ದರೆ ಪಾಸ್.

ಹರಿವೆ ಸೊಪ್ಪಿನ ಮಡಿಗಳು ಸಸಿಗಳ ಪಾಲಾದವು. ಪ್ರತಿ ಸಸಿಗೂ ಒಂದು ನಂಬರು, ಪ್ರತಿ ನಂಬರಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಮೊದಲ ಹೂ ಅರಳಿದ ದಿನ ಮನೆಯವರನ್ನು ಅಡಿಗೆಮನೆಯಿಂದ ಕರೆಸುತ್ತಾರೆ.

‘ನೋಡೇ, ಎರಡನೇ ಸುತ್ತಿನ ಎಸಳು ತುದೀಲಿ ಒಳಗೆ ಮಡಚಿದೆ!’

‘ಕೆಂಪು ಹೂವು ತಾನೇ?’

‘ಬರೀ ಕೆಂಪಲ್ಲ. ಕಾದ ಕಬ್ಬಿಣ ಆರುವಾಗಿನ ಕೆಂಪು.’

‘ಆರ್ತಿರೋದು ಕಾಫಿ. ಬನ್ನಿ ಒಳಗೆ.’

ರಾಯರು ಸೋಲುವವರಲ್ಲ. 2012ರಲ್ಲಿ ಬ್ರಿಟನ್ನಿನಲ್ಲಿ ಸ್ನೋಡ್ರಾಪ್ ಎಂಬ ಪುಟ್ಟ ಬಿಳಿ ಹೂವಿನ ಒಂದೇ ಒಂದು ಗೆಡ್ಡೆ ಹರಾಜಿನಲ್ಲಿ 725 ಪೌಂಡಿಗೆ ಹೋದ ಕಥೆ ಹೇಳುತ್ತಾರೆ. ಆ ತಳಿ ಯಾರದೋ ತೋಟದಲ್ಲಿ ತಾನಾಗಿ ಹುಟ್ಟಿದ ಬೀಜದ ಸಸಿಯಂತೆ. ಹಸಿರು ಇರಬೇಕಾದ ಕಡೆ ಹಳದಿ ಇತ್ತು, ಅಷ್ಟೇ. ‘ಆ ಹಳದಿ ನೋಡೋ ಕಣ್ಣು ಬೇಕು ಕಣೇ!’ ಎನ್ನುತ್ತಾರೆ. ಕಳೆದ ವರ್ಷ ಅದೇ ಕಣ್ಣು ತೊಗರಿಬೇಳೆ ಬದಲು ಕಡಲೆಬೇಳೆ ತಂದದ್ದನ್ನು ಮನೆಯವರು ಮೆಲ್ಲಗೆ ನೆನಪಿಸುತ್ತಾರೆ.

ರಿಜೆಕ್ಟ್ ಆದವನ್ನು ಕಿತ್ತೆಸೆಯುವ ಧೈರ್ಯ ಮಾತ್ರ ರಾಯರಿಗಿಲ್ಲ. ಅವುಗಳ ಹಿಳ್ಳುಗಳು ಪ್ಲಾಸ್ಟಿಕ್ ಚೀಲದಲ್ಲಿ ಕೂತು, ಬಸ್ಸಿನಲ್ಲಿ ರಾಯರ ತೊಡೆಯೇರಿ, ಶಿವಮೊಗ್ಗದ ನೆಂಟರ ಮನೆ ಸೇರುತ್ತವೆ. ವಿನೋಬನಗರದ ನಮ್ಮ ಮನೆಗೆ ಬಂದದ್ದು 43ನೇ ನಂಬರು. ‘ಸಾಧಾರಣ ಗುಲಾಬಿ ಬಣ್ಣ. ವಿಶೇಷ ಏನಿಲ್ಲ’ ಎಂದು ಕೊಟ್ಟುಹೋದರು. ನನ್ನ ಹೆಂಡತಿ ಅದನ್ನು ಬಚ್ಚಲು ನೀರು ಹೋಗುವ ಕಡೆ ನೆಟ್ಟಳು.

ಮರುವರ್ಷ ಶ್ರಾವಣದಲ್ಲಿ ಅದು ಊಟದ ತಟ್ಟೆಯಗಲ ಅರಳಿತು. ಪ್ರತಿ ಗುಲಾಬಿ ಎಸಳಿಗೂ ಬಿಳಿಯ ತುದಿ, ನಡುವೆ ಕುಂಕುಮದ ಗೆರೆ. ಬೀಜದ ಸಸಿಯನ್ನು ಎರಡು ಮೂರು ವರ್ಷ ನೋಡದೆ ತೀರ್ಪು ಕೊಡಬಾರದು ಎಂದು ನಮಗೆ ಪಾಠ ಹೇಳಿದವರು ರಾಯರೇ. ಸುದ್ದಿ ತಿಳಿದು ಮೊದಲ ಬಸ್ಸಿಗೇ ಬಂದಿಳಿದರು. ಭೂತಗನ್ನಡಿ ಹೊರಬಂತು, ಸ್ಕೇಲು ಹೊರಬಂತು. ಬಚ್ಚಲ ಮೋರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಗದ್ಗದರಾದರು.

‘ಇದು ಹೊಸ ತಳಿ ಕಣಮ್ಮ. ಹೆಸರಿಡಬೇಕು. ಮುಂದಿನ ಫಲಪುಷ್ಪ ಪ್ರದರ್ಶನಕ್ಕೆ ಇದೇ. ಅಲ್ಲೀವರೆಗೆ ಯಾರಿಗೂ ಒಂದು ಹಿಳ್ಳೂ ಕೊಡಬೇಡ.’

ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಗೇಟಿನ ಕಡೆ ನೋಡಿದೆ. ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಎದುರುಮನೆಯಾಕೆಯ ದನಿ:

‘ರೀ, ನಿಮ್ಮ ರಿಜೆಕ್ಟ್ ಡೇರೆ ನಮ್ಮಲ್ಲೂ ಅರಳ್ತು! ನಮ್ಮ ನಾದಿನಿಗೂ ಎರಡು ಹಿಳ್ಳು ಬೇಕಂತೆ.’

ರಾಯರು ತುಂಬ ಹೊತ್ತು ಏಳಲಿಲ್ಲ. ಆಮೇಲೆ ನೋಟ್‌ಬುಕ್ ತೆರೆದು, 43ನೇ ಪುಟದಲ್ಲಿ ‘ರಿಜೆಕ್ಟ್’ ಎಂದಿದ್ದುದರ ಮುಂದೆ ಇನ್ನೊಂದೇ ಪದ ಸೇರಿಸಿದರು: ‘ಡೇರೆ’.

ಹೋಗುವಾಗ ನಮ್ಮಲ್ಲೇ ಒಂದು ಹಿಳ್ಳು ಕೇಳಿಕೊಂಡು ಹೋದರು. ಅವರ ತಾಯಿಗೆಡ್ಡೆ ಹೋದ ಮಳೆಗೇ ಕೊಳೆತುಹೋಗಿತ್ತಂತೆ.