ಸೀನಪ್ಪ ಮಾಮ

ಬಸವನಗುಡಿಯ ಬೀದಿಗೊಬ್ಬರು ಇಂಥವರು ಇದ್ದೇ ಇರುತ್ತಾರೆ. ನನ್ನ ಪಾಲಿಗೆ ಬಂದವರು ಅಕ್ಕನ ಗಂಡ. ಬ್ಯಾಂಕಿನಿಂದ ನಿವೃತ್ತರು. ಲೆಡ್ಜರಿನಲ್ಲಿ ಪೈಸೆ ತಪ್ಪು ಹುಡುಕುತ್ತಿದ್ದ ಕಣ್ಣು ಈಗ ದಿವಾನದ ಕೆಳಗೆ ಧೂಳು ಹುಡುಕುತ್ತದೆ. ಎದುರಿಗೆ ಭಾವ, ಬೆನ್ನ ಹಿಂದೆ ನಮ್ಮ ಮಕ್ಕಳಿಗೆಲ್ಲ ‘ಸೀನಪ್ಪ ಮಾಮ’.

ಅವರ ಮನೆಯಲ್ಲಿ ಕಾಫಿಯ ಜೊತೆ ಹುಳುಪುರಾಣ. ಧೂಳಿನ ಹುಳು ಜೇಡನ ಬಳಗ, ಎಂಟು ಕಾಲು, ಕಣ್ಣಿಗೆ ಕಾಣದು. ನಮ್ಮ ಮೈಯಿಂದ ಉದುರುವ ಹೊಟ್ಟೇ ಅದರ ಊಟ. ಸೀನು ಬರಿಸುವುದರಲ್ಲಿ ದೊಡ್ಡ ಪಾಲು ಅದರ ಹಿಕ್ಕೆಯದು. 1960ರ ದಶಕದಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಈ ಗುಟ್ಟು ರಟ್ಟಾಯಿತು ಅನ್ನುವಷ್ಟರಲ್ಲಿ ಕಾಫಿ ಆರಿರುತ್ತದೆ.

ಭಾವನ ಅರವತ್ತರ ಶಾಂತಿಗೆ ನವಲಗುಂದದ ಜಮಖಾನ ಕೊಟ್ಟೆ. ಅದನ್ನು ಎರಡೇ ಬೆರಳಲ್ಲಿ ಹಿಡಿದು, “60 ಡಿಗ್ರಿ ನೀರಲ್ಲಿ ಅದ್ದದೆ ಇದು ಒಳಗೆ ಬರೋ ಹಾಗಿಲ್ಲ ಕಣಯ್ಯ” ಅಂದರು. ಹಂಡೆಗೆ ಉರಿ ಹಾಕಿದವಳು ಅಕ್ಕ, ಥರ್ಮಾಮೀಟರ್ ಹಿಡಿದವರು ಭಾವ, ಹಿಂಡಿದವನು ನಾನು. ಅದರ ಮೇಲಿದ್ದ ನವಿಲು ಬಣ್ಣ ಕಳೆದುಕೊಂಡು ಕೋಳಿಯಾಯಿತು. ನೇಯ್ದವರ ತಪ್ಪೇನಿಲ್ಲ, ಪಾಪ. ಆಮೇಲೆ ಭಾನುವಾರ ಬಂದರೆ ಅದನ್ನು ಕಾಂಪೌಂಡಿನ ಮೇಲೆ ಹಾಕಿ ಬಡಿಯುವುದೂ ನನ್ನ ತಲೆಗೇ ಬಂತು. ಭಾವ ಮೂಗಿಗೆ ಟವೆಲ್ ಕಟ್ಟಿಕೊಂಡು ದೂರದಿಂದ, “ಇನ್ನೂ ಜೋರಾಗಿ!” ಪಕ್ಕದ ಮನೆಯವರು ಸೀನಿದರೆ, “ನೋಡ್ದಾ, ಹುಳು ಹೊರಟ್ವು.”

ರಾಮನವಮಿಗೆ ಚಾಮರಾಜಪೇಟೆಯ ಕಛೇರಿಗೆ ಹೋದರೆ ಜಮಖಾನ ಬಿಟ್ಟು ಕುರ್ಚಿಯಲ್ಲೇ ಕೂರುತ್ತಾರೆ. ಸೀನು ಮಾತ್ರ ಸರಿಯಾಗಿ ಆಲಾಪನೆಗೇ ಬರುತ್ತದೆ.

1898ರ ಪ್ಲೇಗಿಗೆ ಬೆದರಿದ ಜನ ಗಾಳಿ ಬೆಳಕು ಹುಡುಕಿಕೊಂಡು ಬಂದ ಬಡಾವಣೆ ನಮ್ಮ ಬಸವನಗುಡಿ. ಭಾವ ಇಲ್ಲಿದ್ದುಕೊಂಡೇ ರಸ್ತೆ ಧೂಳಿಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದಾರೆ. ಆ ಹುಳುವೋ, ನೀರು ಕುಡಿಯದು. ಗಾಳಿಯ ತೇವವನ್ನೇ ಮೈಗೆಳೆದುಕೊಂಡು ಬದುಕುತ್ತದೆ. ಆಷಾಢದಲ್ಲಿ ಮುಚ್ಚಿದ ಆ ಹಾಲಿಗಿಂತ ಸುಖದ ತವರು ಅದಕ್ಕೆ ಬೇಕೆ? ಹೇಳಿದರೆ, “ಬಿ.ಕಾಂ. ಓದಿದವನು, ಸುಮ್ನಿರು.”

ಸುಮ್ಮನಿರುತ್ತೇನೆ. ನನ್ನ ಮಗಳಿಗೆ ಉಬ್ಬಸ ಎದ್ದ ರಾತ್ರಿ ಪಂಚೆಯಲ್ಲೇ ಆಟೋ ಹಿಡಿದು ಬಂದವರು ಇವರೇ. ಬೆಳಗಾದ ಮೇಲೆ ನಮ್ಮ ಮನೆಯ ದಿಂಬಿನ ಚೀಲ, ಹೊದಿಕೆಗಳನ್ನೆಲ್ಲ ಬಿಸಿನೀರಿಗೆ ಹಾಕಿ, ಸೀನುತ್ತ ಸೀನುತ್ತ ತಾವೇ ಒಗೆದರು. ಅಂದು ನನ್ನ ಕೈಗೆ ಒಂದು ಕರವಸ್ತ್ರವನ್ನೂ ಕೊಡಲಿಲ್ಲ.

ನಿಮ್ಮ ಬೀದಿಯ ಸೀನಪ್ಪನ ಮನೆಗೆ ಹೋದಾಗ, ಹುಳುಪುರಾಣ ನಡೆಯುತ್ತಿರುವಾಗಲೇ ಮೆಲ್ಲಗೆ ಒಂದು ಕಿಟಕಿ ತೆರೆದು ಬನ್ನಿ. ಉಡುಗೊರೆಗೆ ಸ್ಟೀಲ್ ಪಾತ್ರೆ ಸಾಕು.