ಮಣಿಕರಣ್‌ಗೆ ಹೊರಟು ಮಣಿಚೂಲ ಸೇರಿದ್ದು

ಕೋಲಾರ ಜಿಲ್ಲೆಯವರ ತೀರ್ಥಯಾತ್ರೆಯಲ್ಲಿ ಮೊದಲು ಕೈಮುಗಿಯುವುದು ನೀರಿಗೆ, ಆಮೇಲೆ ದೇವರಿಗೆ. ವರ್ಷವಿಡೀ ಹರಿಯುವ ನದಿ ನಮಗಿಲ್ಲ. ಶತಶೃಂಗ ಬೆಟ್ಟದ ಅಂತರಗಂಗೆಯಲ್ಲಿ ಕಲ್ಲುಬಸವನ ಬಾಯಿಂದ ಬೀಳುವ ನೀರು ಕಂಡೇ ದಕ್ಷಿಣ ಕಾಶಿ ಎಂದವರು ನಾವು. ಅಂಥದ್ದರಲ್ಲಿ ಹಿಮಾಚಲದ ಮಣಿಕರಣ್‌ನಲ್ಲಿ ಕುದಿನೀರೇ ನೆಲದಿಂದ ಉಕ್ಕುತ್ತದಂತೆ. ಪಾರ್ವತಿಯ ಓಲೆಯ ಮಣಿ ಬಿದ್ದ ಜಾಗವೆಂದು ಹಿಂದೂಗಳೂ ಗುರುನಾನಕರು ಬಂದ ಜಾಗವೆಂದು ಸಿಖ್ಖರೂ ಹೋಗುತ್ತಾರಂತೆ. ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟರೆ ಅನ್ನವಂತೆ! ಇದನ್ನು ಓದಿದ ರಾತ್ರಿ ಮುಳಬಾಗಿಲಿನಲ್ಲಿ ನನಗೆ ನಿದ್ದೆ ಹತ್ತಲಿಲ್ಲ. ಅದರಲ್ಲಿ ಮುದ್ದೆ ಆಗುತ್ತದೋ ಇಲ್ಲವೋ?

"ಬಿಸಿನೀರಿಗೆ ಅಷ್ಟು ದೂರ ಯಾಕೆ, ಬಚ್ಚಲಲ್ಲಿ ಗೀಸರ್ ಇದೆಯಲ್ಲ" ಎಂದಳು ಹೆಂಡತಿ. ನಾನು ಸ್ವೆಟರ್ ಕೊಂಡೆ, ಊರಿಗೆಲ್ಲ ಸಾರಿದೆ. ಖರ್ಚು ಶ್ರೀನಿವಾಸಪುರದ ಭಾಮೈದನದು, ಅವನ ನಂಬಿಕೆ ಟೊಮ್ಯಾಟೊ ಮೇಲೆ. ಕೋಲಾರದ ಮಂಡಿಯಲ್ಲಿ 15 ಕೆಜಿ ಬಾಕ್ಸಿನ ರೇಟು ಬಿದ್ದ ದಿನವೇ ಹಿಮಾಲಯವೂ ಬಿತ್ತು. ಹಿಂದೂ, ಸಿಖ್ಖರಿಬ್ಬರಿಗೂ ಪವಿತ್ರವಾದ, ಚಿಲುಮೆಯಿರುವ ಊರೊಂದು ಯಶವಂತಪುರದ ರಾತ್ರಿ ರೈಲಿಗೇ ಸಿಕ್ಕುತ್ತದೆ ಎಂದು ಅವನೇ ಪತ್ತೆಮಾಡಿದ. ಬೀದರ್! ತಂದದ್ದು ದಂಡವಾಗಬಾರದೆಂದು ಸ್ವೆಟರ್ ತೊಟ್ಟೇ ಇಳಿದೆ. ಬೀದರ್ ನಮ್ಮ ಕೋಲಾರಕ್ಕಿಂತ ತಗ್ಗಿನಲ್ಲಿದೆ ಎಂಬ ಭೂಗೋಳ ಬೆವರಿನ ಮೂಲಕ ತಿಳಿಯಿತು.

ಮೊದಲು ಝರಣಿ ನರಸಿಂಹ. ಮಣಿಚೂಲ ಬೆಟ್ಟದ ಬುಡದ ಸುರಂಗದಲ್ಲಿ ಎದೆಮಟ್ಟದ ನೀರು, ನೆತ್ತಿಯ ಮೇಲೆ ಬಾವಲಿಗಳು, ಕೊನೆಯಲ್ಲಿ ಸ್ವಾಮಿ. ನರಸಿಂಹನ ಕೈಯಲ್ಲಿ ಸತ್ತ ಅಸುರ ನೀರಾಗಿ ಅವನ ಪಾದದಲ್ಲಿ ಹರಿಯುತ್ತಿದ್ದಾನೆ ಎನ್ನುತ್ತದೆ ಸ್ಥಳಪುರಾಣ. ನನಗೆ ಈಜು ಬರುವುದಿಲ್ಲ. ನಮ್ಮಲ್ಲಿ ಈಜು ಕಲಿಯಬೇಕಾದರೆ ಮೊದಲು ಕೆರೆ ತುಂಬಬೇಕು. ಕಾಲು ಜಾರಿದ್ದೇ ಅಸುರನಿಗೆ ಇನ್ನೂ ಜೀವವಿದೆ ಎನ್ನಿಸಿ, ಮುಂದಿನವರ ಅಂಗಿಯನ್ನು ಗಟ್ಟಿಯಾಗಿ ಹಿಡಿದೆ. ಅವರ ಹೆಗಲೇರಿದ್ದ ಮಗು ತಿರುಗಿ ನೋಡಿ, "ಅಪ್ಪಾ, ಅಂಕಲ್ ಅಳ್ಲಿಕತ್ತಾರ" ಎಂದು ಇಡೀ ಸುರಂಗಕ್ಕೆ ಕೇಳುವಂತೆ ವರದಿ ಒಪ್ಪಿಸಿತು.

ಭಾಮೈದನ ಭಕ್ತಿ ಬೇರೆ ದಾರಿ ಹಿಡಿದಿತ್ತು. ಮಾವಿನ ತೋಟದಲ್ಲಿ ಸಾವಿರ ಅಡಿ ದಾಟಿಸಿ ಕೊರೆಸಿದರೂ ಬರೀ ಧೂಳು ಕಂಡವನು, ಬಂಡೆಯ ಸಂದಿಗೆ ಅಂಗೈಯೊಡ್ಡಿ, "ಭಾವ, ಗ್ಯಾರಂಟಿ ಮೂರಿಂಚು ನೀರು" ಎಂದ. ದೇವರ ಮುಂದೆ ಎಲ್ಲರೂ ಕಣ್ಮುಚ್ಚಿ ನಿಂತಾಗ ಅರ್ಚಕರನ್ನು, "ಸ್ವಾಮಿ, ಎಷ್ಟಡಿಗೆ ಬಿತ್ತು?" ಎಂದು ಕೇಳಿಯೇಬಿಟ್ಟ. ಅವರು ತೀರ್ಥ ಕೊಟ್ಟು ಮುಂದಕ್ಕೆ ಕಳಿಸಿದರು.

ಅಲ್ಲಿಂದ ಗುರುದ್ವಾರ ನಾನಕ್ ಝಿರಾ ಸಾಹಿಬ್. ಕುಡಿಯುವ ನೀರಿಲ್ಲದೆ ಪರದಾಡುತ್ತಿದ್ದ ಜನಕ್ಕಾಗಿ ನಾನಕರು ಪಾದದಿಂದ ಕಲ್ಲು ಸರಿಸಿದರು, ಸಿಹಿನೀರು ಚಿಮ್ಮಿತು ಎಂಬುದು ಇಲ್ಲಿನ ನಂಬಿಕೆ. ಬೋರ್‌ವೆಲ್ ಲಾರಿಯೂ ಬೇಡ, ಪಾಯಿಂಟು ನೋಡುವವನೂ ಬೇಡ! ಭಾಮೈದ ಸಾಷ್ಟಾಂಗ ಬಿದ್ದವನು ಏಳಲೇ ಇಲ್ಲ.

ಬಾಗಿಲಲ್ಲಿ ತಲೆಗೆ ಕೇಸರಿ ಬಟ್ಟೆ ಕಟ್ಟಿದ್ದರು. ಒಳಗೆ ಬೊಗಸೆಗೆ ಬಿಸಿಬಿಸಿ ಕಡಾ ಪ್ರಸಾದ ಬಿತ್ತು. ಗೋಧಿಹಿಟ್ಟು, ಸಕ್ಕರೆ ಎಲ್ಲ ತುಪ್ಪದಲ್ಲೇ ಮುಳುಗಿತ್ತು. ಬಾಯಿಗೆ ಹಾಕಿದ್ದೇ ತಡ, ತೀರ್ಥ ಕುಡಿದು ಅಭ್ಯಾಸವಾದ ಕೈ ಸೀದಾ ನೆತ್ತಿಗೆ ಹೋಗಿ ನೀಟಾಗಿ ಒರೆಸಿಕೊಂಡಿತು. ಬಟ್ಟೆಯ ಮೇಲೆ ಐದು ಬೆರಳೂ ಮೂಡಿದವು. ಸೇವೆಗಿದ್ದ ಸಿಖ್ ಹುಡುಗನಿಗೆ ಕ್ಷಮೆ ಕೇಳಲು ನಾನು ಹಿಂದಿ ಜೋಡಿಸುವಷ್ಟರಲ್ಲಿ ಅವನು, "ಇರ್ಲಿ ಬಿಡ್ರಿ ಸರ, ಯಾವೂರು?" ಎಂದ. "ನೀವು ಪಂಜಾಬ್?" ಎಂದೆ. "ಇಲ್ಲೇ ಬೀದರದಾಂವ್ರಿ." 1699ರಲ್ಲಿ ಆನಂದಪುರದಲ್ಲಿ ಗುರು ಗೋಬಿಂದ ಸಿಂಗರು ತಲೆ ಕೇಳಿದಾಗ ಎದ್ದುನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರೇ ಎಂದೂ ಹೇಳಿದ. ಖಡ್ಗ ಹಿಡಿದ ಗುರುವಿನ ಮುಂದೆ ಎದ್ದುನಿಂತವರ ಊರಿನಲ್ಲಿ ನಾನು ಎದೆಮಟ್ಟದ ನೀರಿಗೆ ಅತ್ತಿದ್ದೆ.

ಲಂಗರಿನಲ್ಲಿ ರೊಟ್ಟಿ, ದಾಲ್. ಮುದ್ದೆಯವನಿಗೆ ಅಗಿಯುವುದು ಮರೆತಿರುತ್ತದೆ. ಮೊದಲ ತುತ್ತನ್ನೇ ನುಂಗಲು ಹೋಗಿ ಕೆಮ್ಮಿದೆ. ಪಂಕ್ತಿಯವರೆಲ್ಲ ಬೆನ್ನು ತಟ್ಟಿದರು, ಇನ್ನೊಂದು ರೊಟ್ಟಿ ಬಿತ್ತು.

ನೀವು ಹೋಗುವುದಾದರೆ, ಗುಹೆಗೆ ಕೆಲವೊಮ್ಮೆ ಬಿಡುವುದಿಲ್ಲ, ವಿಚಾರಿಸಿ ಹೊರಡಿ. ಒಂದು ಜೊತೆ ಒಣಬಟ್ಟೆ ಇರಲಿ. ಎಷ್ಟು ಇಂಚು ನೀರೆಂದು ಮಾತ್ರ ದಯವಿಟ್ಟು ಅರ್ಚಕರನ್ನು ಕೇಳಬೇಡಿ. ಕೋಲಾರದವರು ಎಂದು ತಕ್ಷಣ ಗೊತ್ತಾಗಿಬಿಡುತ್ತದೆ.