ಹೊಟ್ಟೆಯೊಳಗಿನ ಶ್ರುತಿಪೆಟ್ಟಿಗೆ

ಬ್ರಹ್ಮಾವರದ ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿ ವರ್ಷಗಳೇ ಆದವು. ಉತ್ಪಾದನೆ ಮಾತ್ರ ನಿಂತಿಲ್ಲ; ಕುಂದಾಪುರ, ಬೈಂದೂರಿನ ಮನೆಮನೆಗೆ ಹಂಚಿಹೋಗಿದೆ. ನನ್ನದೂ ಅದರಲ್ಲೊಂದು ಘಟಕ. ಮಾತ್ರೆಗೆ ಬಗ್ಗದ್ದು ಕಂಡು ಡಾಕ್ಟರು ಗ್ಲಾರ್ಜಿನ್ ಎಂಬ ಇನ್ಸುಲಿನ್ನಿನ ಪೆನ್ನು ಬರೆದುಕೊಟ್ಟರು. ದಿನಕ್ಕೊಂದೇ ಚುಚ್ಚು, ಹೆಚ್ಚುಕಮ್ಮಿ 24 ಗಂಟೆ ಕೆಲಸ. ಷರತ್ತೂ ಒಂದೇ: ದಿನಾ ಅದೇ ಹೊತ್ತಿಗೆ. ರಾತ್ರಿ ಹತ್ತಕ್ಕೆ ಎಂದು ನಿಶ್ಚಯವಾಯಿತು.

ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ರಾತ್ರಿ ಹತ್ತಕ್ಕೆ ಮನೆಯಲ್ಲಿ ಯಾರಿರುತ್ತಾರೆ? ಒಂದು ಕಡೆ ಮಂದಾರ್ತಿ ಯಕ್ಷಗಾನ ಮೇಳದ ಹರಕೆ ಆಟ, ಇನ್ನೊಂದು ಕಡೆ ಮಾರಣಕಟ್ಟೆಯದು. ಹಾಗಾಗಿ ಪೆನ್ನೂ ಆಟಕ್ಕೆ ಹೊರಟಿತು. ಒಡ್ಡೋಲಗದ ಹೊತ್ತಿಗೆ ನಾನು ಅಂಗಿ ಎತ್ತಿ ಹೊಟ್ಟೆಗೆ ಚುಚ್ಚಿಕೊಂಡರೆ ಅಕ್ಕಪಕ್ಕದವರು ವೇಷ ಬಿಟ್ಟು ನನ್ನನ್ನೇ ನೋಡುತ್ತಾರೆ. ಒಬ್ಬ ಅಜ್ಜಯ್ಯ ವಿಚಾರಿಸಿಯೇಬಿಟ್ಟರು. ಊಟದ ಹೊತ್ತಿನ ಇನ್ಸುಲಿನ್ ಚಂಡೆಯ ಹಾಗೆ, ಬಣ್ಣದ ವೇಷ ಬಂದಾಗ ಅಬ್ಬರಿಸಿ ಸುಮ್ಮನಾಗುತ್ತದೆ. ಇದು ಶ್ರುತಿಪೆಟ್ಟಿಗೆ, ಮಂಗಳದವರೆಗೂ ಒಂದೇ ಸಮ ಎಂದು ವಿವರಿಸಿದೆ.

"ಹ್ವಾಯ್, ಇಡೀ ದಿನ ಕೆಲ್ಸ ಮಾಡತ್ತ್ ಅಂದ್ರೆ ಒಂದ್ ತುಂಡ್ ಹಾಲ್ಬಾಯಿ ತಿಂದ್ರೆ ಎಂತ ಆತ್ತ್ ಮರಾಯ್ರೆ!"

ಊರಿಗೆ ಊರೇ ಹಾಕುವ ಲೆಕ್ಕ ಇದು. ಉಪವಾಸವಿದ್ದರೂ ಲಿವರ್ ಸುಮ್ಮನಿರದೆ ರಕ್ತಕ್ಕೆ ಸಕ್ಕರೆ ಬಿಡುತ್ತಿರುತ್ತದಲ್ಲ, ಗ್ಲಾರ್ಜಿನ್ ಅದನ್ನು ಹದದಲ್ಲಿಡುತ್ತದೆ. ಹಾಲ್ಬಾಯಿಗೆ ಅದು ಜಾಮೀನು ನಿಲ್ಲುವುದಿಲ್ಲ.

ಇನ್ಸುಲಿನ್ ಮೆಲ್ಲಗೆ ಕರಗಲೆಂದು 1936ರಲ್ಲಿ ಡೆನ್ಮಾರ್ಕಿನ ಹಾಗೆಡಾರ್ನ್ ಅದಕ್ಕೆ ಬೆರೆಸಿದ್ದು ಪ್ರೋಟಮಿನ್ ಎಂಬ ವಸ್ತು. ತೆಗೆದದ್ದು ಟ್ರೌಟ್ ಮೀನಿನ ವೀರ್ಯದಿಂದ. ಗಂಗೊಳ್ಳಿ ಬಂದರಿನಲ್ಲಿ ಮೂಗು ಮುಚ್ಚಿ ನಡೆಯುವ ಎಷ್ಟು ಭಟ್ಟರ ಚರ್ಮದಡಿ ಹೀಗೆ ಮೀನು ಹೊಕ್ಕಿತ್ತೋ! 2000ದಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಗ್ಲಾರ್ಜಿನ್ ಶುದ್ಧ ಸಸ್ಯಾಹಾರಿಗಳಿಗೂ ನಿರಾತಂಕ. ಪೆನ್ನಿನೊಳಗೆ ಹುಳಿಗುಣದ ತಿಳಿದ್ರವ. ಚರ್ಮದಡಿ ಹುಳಿ ಇಳಿದೊಡನೆ ಕಣಕಣವಾಗಿ ಗಟ್ಟಿಯಾಗಿ, ಮತ್ತೆ ಅವಸರವಿಲ್ಲದೆ ಕರಗುತ್ತದೆ.

ಅದರ ನಾಜೂಕು ಮಾತ್ರ ಅಳಿಯನದ್ದು. ಹೊಸ ಪೆನ್ನಿಗೆ ಫ್ರಿಜ್ಜೇ ಬೇಕು. ಬಂಗುಡೆ ಡಬ್ಬಿಯನ್ನು ಸರಿಸಿ ಜಾಗ ಮಾಡಿದ್ದಾಯಿತು. ಬಳಸತೊಡಗಿದ ಪೆನ್ನಿಗೆ 28 ದಿನದ ಆಯುಷ್ಯ, 30 ಡಿಗ್ರಿ ದಾಟಬಾರದು. ಏಪ್ರಿಲ್ಲಿನ ಬೈಂದೂರಿಗೆ ಇದನ್ನು ಹೇಳುವವರು ಯಾರು? ಮನೆಯ ತಂಪು ಮೂಲೆ ಪೆನ್ನಿಗೆ ಸಂದಿದೆ. ನಾನು ಜಗಲಿಯಲ್ಲಿ ಬೆವರುತ್ತೇನೆ.

ಕಿಸೆಯಲ್ಲಿ ಗ್ಲೂಕೋಸ್ ಪೊಟ್ಟಣವೂ ಇದೆ. ಸಕ್ಕರೆ 70ರ ಕೆಳಗಿಳಿದರೆ ತಡಮಾಡದೆ ಸಿಹಿ ತಿನ್ನಬೇಕೆಂದು ಡಾಕ್ಟರೇ ಹೇಳಿದ್ದಾರೆ. ಆಟದ ನಡುವೆ ಕೈ ತುಸು ನಡುಗಿದರೂ ಸಾಕು, ಆಸೆಯಿಂದ ಬೆರಳು ಚುಚ್ಚಿ ನೋಡುತ್ತೇನೆ. ಯಂತ್ರ 180 ತೋರಿಸುತ್ತದೆ.